ಸ್ವಿಫ್ಟ್ ಎಂಜಿನ್ ಕಾರ್ಬನ್: ಒಂದು ಟ್ಯಾಂಕ್ ಆದ ಮೇಲೆ

ನನ್ನ ಸ್ವಿಫ್ಟ್ ಎಂಜಿನ್ನಿನೊಳಗೆ ಕೂತ ಕಾರ್ಬನ್ ಬಿಡಿಸಲು ಪೆಟ್ರೋಲಿಗೆ ಒಂದು ಬಾಟಲಿ ಕ್ಲೀನರ್ ಬೆರೆಸಿದ್ದೆ. ಆ ಟ್ಯಾಂಕ್ ಖಾಲಿಯಾಯಿತು. ಇವತ್ತು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಪಾರ್ಕ್ ಪ್ಲಗ್ ಮೇಲಿನ ಇಗ್ನಿಷನ್ ಕಾಯಿಲ್ ತೆಗೆದೆ. ಪ್ಲಗ್ ಗುಂಡಿಯ ಧೂಳನ್ನು ಗಾಳಿ ಹೊಡೆದು ಓಡಿಸಿ (ಇದನ್ನು ಮಾತ್ರ ಬಿಡಬೇಡಿ, ಧೂಳು ಸೀದಾ ಸಿಲಿಂಡರಿಗೆ ಬೀಳುತ್ತದೆ), ಪ್ಲಗ್ ಬಿಚ್ಚಿ ಬೋರ್‌ಸ್ಕೋಪ್ (ತೆಳು ವೈರಿನ ತುದಿಯ ಕ್ಯಾಮೆರಾ) ಇಳಿಸಿದೆ.

ಮೂರನೇ ಸಿಲಿಂಡರಿನಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತಿದೆ. ಮೊದಲು ಪಿಸ್ಟನ್ ತಲೆ ಮೇಲೆ ಪೂರ್ತಿ ಒಣಗಿದ ಕಪ್ಪು ಪದರವಿತ್ತು. ಈಗ ಇನ್‌ಟೇಕ್ ಕಡೆಯ (ಗಾಳಿ, ಪೆಟ್ರೋಲ್ ಒಳಬರುವ ಕಡೆಯ) ಅಂಚಿನಲ್ಲಿ ಅಲ್ಯೂಮಿನಿಯಂ ಹೊಳೆಯುತ್ತಿದೆ. ನಡುವೆ ಪದರ ಬಿರುಕು ಬಿಟ್ಟು ಚೂರು ಚೂರಾಗಿ ಉಳಿದಿದೆ. ಹೊಗೆ ಹೊರಹೋಗುವ ಎಕ್ಸಾಸ್ಟ್ ಕಡೆ ಮಾತ್ರ ಹಾಗೇ ಇದೆ.

ಗಾಡಿ ಎರಡನೇ ತಲೆಮಾರಿನ ಪೆಟ್ರೋಲ್ ಸ್ವಿಫ್ಟ್, 1197 ಸಿಸಿ ಕೆ ಸೀರೀಸ್ ಎಂಜಿನ್. ಬೆಂಗಳೂರಿನೊಳಗಿನ ಓಡಾಟವೇ ಜಾಸ್ತಿ. ಎಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಆಫೀಸು ಬಂದಿರುತ್ತದೆ, ಕಾರ್ಬನ್ ಕೂರದೆ ಇರುತ್ತದಾ? ಬೆಳಗಿನ ಹೊತ್ತು ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ತಡವರಿಸುತ್ತಿತ್ತು. ಇನ್‌ಟೇಕ್ ವಾಲ್ವಿನ ಬೆನ್ನಿಗೆ ಅಂಟಿದ ಕಾರ್ಬನ್ ಸ್ಪಂಜಿನ ಹಾಗೆ ಪೆಟ್ರೋಲ್ ಹೀರಿಕೊಳ್ಳುತ್ತದೆ. ಹಾಗಾಗಿ ಎಂಜಿನ್ ತಣ್ಣಗಿದ್ದಾಗ ಒಳಗೆ ಹೋಗುವ ಮಿಶ್ರಣದಲ್ಲಿ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ, ಅದಕ್ಕೇ ಆ ತಡವರಿಕೆ.

ಬಾಟಲಿ ಆರಿಸುವಾಗ ನಾನು ನೋಡಿದ್ದು ಒಂದೇ: ಅದರಲ್ಲಿ ಪಾಲಿಈಥರ್ ಅಮೀನ್, ಅಂದರೆ ಪಿಇಎ, ಎಂಬ ಕಾರ್ಬನ್ ಬಿಡಿಸುವ ರಾಸಾಯನಿಕ ಇದೆಯಾ ಅಂತ. ಟೆಕ್ರಾನ್ ಅನ್ನುವ ಹೆಸರಾಂತ ಕ್ಲೀನರಿನಲ್ಲಿರುವುದೂ ಇದೇ. ಉರಿಯುವ ಕೋಣೆಯ ಬಿಸಿಯಲ್ಲೂ ಇದು ಕೆಲಸ ಮಾಡುತ್ತದೆ. ಅಗ್ಗದ ಪಾಲಿಐಸೊಬ್ಯುಟಿಲೀನ್ ಅಮೀನ್ ವಾಲ್ವ್ ತೊಳೆಯುತ್ತದೆ ನಿಜ, ಆದರೆ ಪಿಸ್ಟನ್ ಮೇಲೆ ತಾನೇ ಕಾರ್ಬನ್ ಕೂರಿಸಬಹುದು. ಟ್ಯಾಂಕ್ ಖಾಲಿಯಾಗುವ ಹೊತ್ತಿಗೆ ಬಾಟಲಿ ಸುರಿದು, ಆಮೇಲೆ ಪೆಟ್ರೋಲ್ ತುಂಬಿಸಿದೆ. ಹಾಗೆ ಮಾಡಿದರೆ ಚೆನ್ನಾಗಿ ಬೆರೆಯುತ್ತದೆ. ಆಮೇಲೆ ತುಮಕೂರು ದಾಟಿ ಶಿರಾ ಕಡೆ ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿಸಿದೆ.

ಬೆಳಗಿನ ತಡವರಿಕೆ ಬಹಳ ಕಮ್ಮಿಯಾಗಿದೆ. ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಕೊರತೆ ತುಂಬಲು ಎಂಜಿನ್ ಕಂಪ್ಯೂಟರ್ ಹೆಚ್ಚಿಗೆ ಸೇರಿಸುವ ಪೆಟ್ರೋಲ್, ಶೇಕಡಾ ಲೆಕ್ಕದಲ್ಲಿ) ಪ್ಲಸ್ 7ರ ಆಸುಪಾಸಿನಿಂದ ಪ್ಲಸ್ 3ಕ್ಕೆ ಇಳಿದಿದೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ತುದಿ ಶುಚಿಯಾಗಿ ಪೆಟ್ರೋಲ್ ಸರಿಯಾಗಿ ಬೀಳುತ್ತಿದೆ ಅಂತ ನನ್ನ ಲೆಕ್ಕ. ಮೈಲೇಜ್ ಬಗ್ಗೆ ಏನೂ ಹೇಳುವುದಿಲ್ಲ. ಹೆದ್ದಾರಿ ಟ್ಯಾಂಕನ್ನು ಸಿಟಿ ಟ್ಯಾಂಕಿಗೆ ಹೋಲಿಸುವುದು ಸರಿಯಲ್ಲ ಅಲ್ವಾ?

ಗೆಳೆಯರೊಬ್ಬರು ತಮ್ಮ ಜಿಡಿಐ (ಗ್ಯಾಸೊಲಿನ್ ಡೈರೆಕ್ಟ್ ಇಂಜೆಕ್ಷನ್) ಟರ್ಬೊ ಕಾರಿಗೂ ಹಾಕಲಾ ಅಂತ ಕೇಳಿದರು. ಹಾಕಿ, ಇಂಜೆಕ್ಟರಿಗೂ ಪಿಸ್ಟನ್ನಿಗೂ ಒಳ್ಳೆಯದು. ಆದರೆ ಇನ್‌ಟೇಕ್ ವಾಲ್ವ್ ಶುಚಿಯಾಗುತ್ತದೆ ಅಂತ ಕಾಯಬೇಡಿ. ನನ್ನ ಗಾಡಿಯಲ್ಲಿ ಪೆಟ್ರೋಲ್ ವಾಲ್ವಿನ ಬೆನ್ನ ಮೇಲೇ ಬೀಳುತ್ತದೆ. ಜಿಡಿಐಯಲ್ಲಿ ಸೀದಾ ಸಿಲಿಂಡರಿನೊಳಗೆ ಚಿಮ್ಮುತ್ತದೆ. ಟ್ಯಾಂಕಿಗೆ ಏನೇ ಸುರಿದರೂ ಆ ವಾಲ್ವನ್ನು ಮುಟ್ಟುವುದಿಲ್ಲ. ಅಲ್ಲಿ ಕೂರುವುದು ಕ್ರ್ಯಾಂಕ್‌ಕೇಸಿನಿಂದ (ಎಂಜಿನ್ನಿನ ಕೆಳಭಾಗದಿಂದ) ಬರುವ ಆಯಿಲ್ ಆವಿ. ಅದಕ್ಕೆ ಗಾಳಿ ಒಳಗೆ ಒಯ್ಯುವ ಮ್ಯಾನಿಫೋಲ್ಡ್ ಬಿಚ್ಚಿ ಅಕ್ರೋಟು ಸಿಪ್ಪೆಯ ಪುಡಿ ಹೊಡೆಯುವವರೇ ಬೇಕು.

ಪಿಇಎ ಸ್ವಲ್ಪ ಸಿಲಿಂಡರ್ ಗೋಡೆಯ ಗುಂಟ ಜಾರಿ ಆಯಿಲಿಗೂ ಇಳಿಯುತ್ತದೆ. ಆದ್ದರಿಂದ ಈ ವಾರ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸುತ್ತೇನೆ. ಎರಡನೇ ಬಾಟಲಿ ಮುಂದಿನ ಆಯಿಲ್ ಬದಲಾವಣೆಗೆ ಒಂದು ಟ್ಯಾಂಕ್ ಮೊದಲು. ಆಗ ಗಾಳಿ ಒಳಬರುವ ಬಾಗಿಲಾದ ಥ್ರಾಟಲ್ ಬಾಡಿ ತೆಗೆದು, ವಾಲ್ವಿನ ಬೆನ್ನಿನ ಫೋಟೊವನ್ನೂ ಹಾಕುತ್ತೇನೆ.