ಹಾಲಿನಲ್ಲಿ ಅದ್ದಿದ ದಾರ

2024ರಲ್ಲಿ ಅನಂತನ ಚತುರ್ದಶಿ, ಅಂದರೆ ಹದಿನಾಲ್ಕು ಗಂಟಿನ ದಾರ ಕಟ್ಟಿಕೊಂಡು ವಿಷ್ಣುವನ್ನು ಅನಂತನೆಂದು ಪೂಜಿಸುವ ವ್ರತದ ದಿನ, ಸೆಪ್ಟೆಂಬರ್ 17ರಂದು ಬಿತ್ತು. ಕಲಬುರಗಿಯಲ್ಲಿ ಅಂದು ಬೆಳಿಗ್ಗೆ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣ, ಮನೆಯಲ್ಲಿ ಅನಂತನ ಪೂಜೆ. ಪಂಚಾಂಗದಲ್ಲಿ ಆ ದಿನವನ್ನು ಕಂಡಾಗ ನನ್ನ ಬೆರಳು ಅಲ್ಲಿಯೇ ನಿಂತಿತು. ಹತ್ತೊಂಬತ್ತು ವರ್ಷಕ್ಕೊಮ್ಮೆ ತಿಥಿಯೂ ತಾರೀಖೂ ಹೆಚ್ಚು ಕಡಿಮೆ ಹಳೆಯ ಜಾಗಕ್ಕೇ ಬಂದು ಕೂಡುತ್ತವೆ. ಹಾಗೆ ನಾಲ್ಕು ಸುತ್ತು ಹಿಂದಕ್ಕೆ ಹೋದರೆ 1948. ಆ ವರ್ಷವೂ ಅನಂತನ ಚತುರ್ದಶಿ ಸೆಪ್ಟೆಂಬರ್ 17ರಂದು, ಶುಕ್ರವಾರ. ಹೈದರಾಬಾದ್ ಸಂಸ್ಥಾನದ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತ ಸೇನೆಗೆ ಶರಣಾದ ದಿನ.

ಆ ದಿನ ನನ್ನ ಅಜ್ಜಿ ಭೀಮಾ ನದಿಯ ಆಚೆ ದಂಡೆಯಲ್ಲಿ, ಬೇರೆಯವರ ಮನೆಯ ಪಡಸಾಲೆಯಲ್ಲಿ, ಹಳೆಯ ದಾರವನ್ನೇ ಮುಂದಿಟ್ಟುಕೊಂಡು ವ್ರತ ಮಾಡಿದಳು.

ನಮ್ಮ ಊರು ಅಫಜಲಪುರ ತಾಲೂಕಿನಲ್ಲಿ, ನದಿಗೆ ಹತ್ತಿರ. ನದಿಯ ಈಚೆ ಮೊಗಲಾಯಿ, ಅಂದರೆ ನಿಜಾಮನ ಸೀಮೆ. ಆಚೆ ಇಂಡಿ ತಾಲೂಕು, ಮುಂಬೈ ಪ್ರಾಂತ. ಈಚೆ ನಿಜಾಮನ ಹಾಲಿ ರೂಪಾಯಿ, ಆಚೆ ಬ್ರಿಟಿಷರ ಕಲ್ದಾರ್ ರೂಪಾಯಿ. ನಡುವೆ ಸುಂಕ ವಸೂಲಿಯ ಕರೋಡಗಿರಿ ನಾಕೆ. ಆದರೂ ಹೆಣ್ಣು ಕೊಟ್ಟು ತಂದು ಎರಡೂ ದಂಡೆಯವರು ಬೀಗರಾಗಿದ್ದರು. 1947ರ ಆಗಸ್ಟ್ 15ರಂದು ಆಚೆಯ ದಂಡೆಗೆ ಸ್ವಾತಂತ್ರ್ಯ ಬಂತು, ಈಚೆಗೆ ಬರಲಿಲ್ಲ. ನಿಜಾಮನ ಆಳ್ವಿಕೆ ಉಳಿಸಲು ಆಯುಧ ಹಿಡಿದ ಖಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಿಗೆ ನುಗ್ಗತೊಡಗಿದರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೊರ್ಟಾದಲ್ಲಿ ನಡೆದ ಕೊಲೆಗಳ ಸುದ್ದಿ ಊರಿನಿಂದ ಊರಿಗೆ ಹರಿದು ಬಂದಾಗ ಅಜ್ಜ ಇನ್ನು ತಡ ಮಾಡಲಿಲ್ಲ. ಮಳೆ ಹಿಡಿದು ನದಿ ತುಂಬುವ ಮೊದಲೇ ಹೆಂಡತಿ ಮಕ್ಕಳನ್ನು ಆಚೆಗೆ ದಾಟಿಸಿದರು. ತಾವು ಮಾತ್ರ ಹೊಲ ಬಿಟ್ಟು ಬರಲೊಲ್ಲೆ ಎಂದು ಮರಳಿದರು. ಅಜ್ಜಿಗೆ ಆಗ ಇಪ್ಪತ್ತೆರಡು ವರ್ಷ. ಎರಡು ಮಕ್ಕಳು, ಒಂದು ಟ್ರಂಕು, ದೇವರ ಪೆಟ್ಟಿಗೆ.

ಆ ನಾಲ್ಕು ತಿಂಗಳ ಬಗ್ಗೆ ಅಜ್ಜಿ ಹೇಳುತ್ತಿದ್ದುದು ದೊಡ್ಡ ಸಂಗತಿಗಳನ್ನಲ್ಲ. ಇನ್ನೊಬ್ಬರ ಒಲೆಯಲ್ಲಿ ತನ್ನ ಸರದಿ ಬರುವವರೆಗೆ ಕಾಯುವುದು. ಮಗು ರಾತ್ರಿ ಅತ್ತರೆ ಮನೆಯವರಿಗೆ ತೊಂದರೆಯಾಗದಿರಲೆಂದು ಎತ್ತಿಕೊಂಡು ಅಂಗಳಕ್ಕೆ ಹೋಗುವುದು. ಮೊಗಲಾಯಿಗೆ ಸರಕು ಹೋಗದಂತೆ ತಡೆದಿದ್ದಾರೆ, ಅಲ್ಲಿ ಉಪ್ಪಿಗೂ ಸೀಮೆಎಣ್ಣೆಗೂ ಬರ ಎಂದು ಕೇಳಿದಾಗ, ತನ್ನ ತಟ್ಟೆಯ ಉಪ್ಪನ್ನು ನೋಡಿ ಅಜ್ಜನನ್ನು ನೆನೆಯುವುದು. ಸಂಜೆ ದೀಪ ಹಚ್ಚಿದ ಮೇಲೆ ನದಿಯ ಕಡೆ ಮುಖ ಮಾಡಿ ನಿಲ್ಲುವುದು. ‘ಆಚೆ ನಮ್ಮ ಮನೆಯಲ್ಲಿ ದೀಪ ಇದೆಯೋ ಇಲ್ಲವೋ ಎಂದು ಕಾಣುತ್ತಿರಲಿಲ್ಲ, ಆದರೂ ನೋಡುತ್ತಿದ್ದೆ’ ಎನ್ನುತ್ತಿದ್ದಳು.

ಭಾದ್ರಪದ ಬಂತು. ಅನಂತನ ವ್ರತ ಹಿಡಿದರೆ ಹದಿನಾಲ್ಕು ವರ್ಷ ಬಿಡುವಂತಿಲ್ಲ; ಅಜ್ಜಿ ಹಿಡಿದು ಆಗ ನಾಲ್ಕನೆಯ ವರ್ಷ. ದಂಪತಿಗಳು ಕೂಡಿ ಮಾಡಬೇಕಾದದ್ದು, ಗಂಡ ಆಚೆ ದಂಡೆಯಲ್ಲಿ. ಹೊಸ ದಾರವೂ ಇಲ್ಲ. ಮನೆಯ ಹಿರಿಯರೊಬ್ಬರು, ‘ಆಪತ್ತಿನಲ್ಲಿ ದೋಷವಿಲ್ಲ, ಈ ವರ್ಷ ಬಿಡಮ್ಮ’ ಎಂದರಂತೆ. ಅಜ್ಜಿ ಬಿಡಲಿಲ್ಲ. ‘ವ್ರತದ ಕಥೆಯಲ್ಲಿ ಸುಶೀಲೆ ಗಂಡನನ್ನು ಕೇಳಿ ಕುಳಿತಳೇನು? ನದಿಯ ದಂಡೆಯಲ್ಲಿ ಹೆಂಗಸರು ಪೂಜಿಸುತ್ತಿದ್ದರು, ಹೋಗಿ ಕುಳಿತಳು’ ಎಂದು ಉತ್ತರಿಸಿದಳಂತೆ. ನನ್ನ ಅಜ್ಜಿಯನ್ನು ನಾನು ಪೂರ್ತಿಯಾಗಿ ಕಾಣುವುದು ಈ ಮಾತಿನಲ್ಲಿ.

ಬೆಳಿಗ್ಗೆ ಭೀಮೆಯ ಕೆಂಪು ನೀರನ್ನು ತಂದು ಸೋಸಿ ಕಲಶ ತುಂಬಿದಳು. ಅನಂತನಿಗೆ ಮೊದಲು ಯಮುನೆಯ ಪೂಜೆಯಾಗಬೇಕು. ಎರಡು ಸೀಮೆಗಳನ್ನು ಸೀಳಿಕೊಂಡು ಹರಿಯುತ್ತಿದ್ದ ಆ ನೀರೇ ಅಂದು ಯಮುನೆಯಾಯಿತು. ದರ್ಭೆಯಲ್ಲಿ ಏಳು ಹೆಡೆಯ ಶೇಷನನ್ನು ಕಟ್ಟಿದಳು. ಇಪ್ಪತ್ತೆಂಟು ಅತಿರಸಗಳ ಬದಲು ಬೆಲ್ಲದ ಚೂರುಗಳು. ಹಿಂದಿನ ವರ್ಷದ ದಾರವನ್ನು ಬಿಚ್ಚಿ ನೀರಿಗೆ ಬಿಡುವ ಬದಲು, ತೊಳೆದು, ಕಲಶದ ಮುಂದಿಟ್ಟು, ಹದಿನಾಲ್ಕು ಗಂಟುಗಳಿಗೂ ಒಂದೊಂದಾಗಿ ಅಕ್ಷತೆ ಹಾಕಿ ಮತ್ತೆ ಎಡತೋಳಿಗೆ ಕಟ್ಟಿಕೊಂಡಳು.

ಆ ದಾರವನ್ನು ಹೆಣೆದವರು ನಮ್ಮ ಊರಿನ ಪಟವೇಗಾರ ಕಾಕಾ. ರೇಷ್ಮೆಯ ಗೊಂಡೆ, ಕರಿಮಣಿಯ ದಾರ, ಉಡಿದಾರ ಕಟ್ಟುವುದು ಅವರ ಮನೆತನದ ಕಸುಬು. ಮುಸಲ್ಮಾನರು. ಊರಿನ ಅನಂತನ ದಾರಗಳೆಲ್ಲ ಅವರ ಕೈಯಿಂದಲೇ ಬರಬೇಕು. ಆ ದಾರ ಹೆಣೆಯುವ ದಿನ ಸ್ನಾನ ಮಾಡದೆ ಕೂರುತ್ತಿರಲಿಲ್ಲವಂತೆ. ಹೊಸ ಸೊಸೆಯಾಗಿ ಬಂದ ಅಜ್ಜಿ ಮೊದಲ ವರ್ಷ ಗಂಟುಗಳನ್ನು ಎಣಿಸಿ ನೋಡಿದ್ದನ್ನು ಕಂಡು, ‘ಎಣಿಸಬೇಡ ತಾಯಿ, ತಪ್ಪುವುದಿಲ್ಲ. ನಿಮಗೆ ಹದಿನಾಲ್ಕು ಲೋಕ, ನಮಗೆ ಚೌದಾ ತಬಕ್. ಲೆಕ್ಕ ಒಂದೇ’ ಎಂದಿದ್ದರಂತೆ. ಏಳು ಆಕಾಶ, ಏಳು ಭೂಮಿ ಎಂಬ ಅವರ ಎಣಿಕೆ ಅದು. ಆ ಮಾತನ್ನು ಅಜ್ಜಿ ಮಂತ್ರದ ಜೊತೆಗೇ ನನಗೆ ಕಲಿಸಿದಳು.

ಶರಣಾಗತಿಯ ಸುದ್ದಿ ಮರುದಿನ ಆ ಊರಿಗೆ ಮುಟ್ಟಿತು. ಹೆಂಗಸರು ಕುಣಿದರು, ಸಕ್ಕರೆ ಹಂಚಿದರು. ಅಜ್ಜಿಯೂ ಹಂಚಿದಳು, ಅದನ್ನು ಹೇಳುವಾಗ ಮುದಿವಯಸ್ಸಿನಲ್ಲಿಯೂ ಅವಳ ಕಣ್ಣು ಹೊಳೆಯುತ್ತಿತ್ತು. ಆ ಸಂತೋಷ ನಿಜವಾದದ್ದು, ಅದನ್ನು ನಾನು ಕಿರಿದು ಮಾಡುವುದಿಲ್ಲ. ದಸರೆಯ ಹೊತ್ತಿಗೆ ಅಜ್ಜ ಬಂದು ಕರೆದುಕೊಂಡು ಹೋದರು. ಮನೆ ಇತ್ತು, ಕಾಳು ತುಂಬಿಡುವ ಹಗೇವು ಬರಿದಾಗಿತ್ತು. ಪಟವೇಗಾರ ಕಾಕಾನ ಮನೆ ಇದ್ದಲ್ಲಿ ಸುಟ್ಟ ತೊಲೆಗಳು. ‘ಅವರೆಲ್ಲಿ?’ ಎಂದು ಅಜ್ಜಿ ಕೇಳಿದಳು. ‘ಹೋದರು’ ಎಂದರು ಅಜ್ಜ. ಅದಕ್ಕಿಂತ ಹೆಚ್ಚು ಒಂದು ಮಾತನ್ನೂ ಅವರು ಸಾಯುವವರೆಗೆ ಆಡಲಿಲ್ಲ.

ಅಜ್ಜ ಪ್ರತಿ ವರ್ಷ ಅನಂತನ ಪೂಜೆಗೆ ಕುಳಿತರು. ಆದರೆ ಬಲತೋಳಿಗೆ ದಾರ ಕಟ್ಟಿಸಿಕೊಳ್ಳಲಿಲ್ಲ. ಶರಣಾಗತಿಯ ಆ ವಾರ ಅವರು ಊರಿನಲ್ಲಿಯೇ ಇದ್ದರು. ಏನನ್ನು ಕಂಡರೋ, ಯಾರನ್ನು ತಡೆಯಲಾರದೆ ಹೋದರೋ.

ಚಿಕ್ಕವಳಿದ್ದಾಗ ಇದನ್ನು ಅಜ್ಜಿಯ ಬಳಿ ಕೇಳಿದ್ದೆ. ಅವಳು ಉತ್ತರವಾಗಿ ಕೌಂಡಿನ್ಯನ ಕಥೆ ಹೇಳಿದಳು. ಹೆಂಡತಿಯ ತೋಳಿನಲ್ಲಿ ದಾರ ಕಂಡು, ತನ್ನನ್ನು ವಶ ಮಾಡಿಕೊಳ್ಳಲು ಕಟ್ಟಿದ್ದಾಳೆ ಎಂದು ಅನುಮಾನಿಸಿ, ಕಿತ್ತು ಬೆಂಕಿಗೆ ಎಸೆದ ಕೌಂಡಿನ್ಯ. ಸುಶೀಲೆ ಓಡಿ ಬಂದು ಅರ್ಧ ಸುಟ್ಟ ದಾರವನ್ನು ಎತ್ತಿ ಹಾಲಿನಲ್ಲಿ ಅದ್ದಿದಳು. ಆಮೇಲೆ ಐಶ್ವರ್ಯ ಹೋಯಿತು, ಮನೆ ಸುಟ್ಟಿತು, ಬಂಧುಗಳಲ್ಲಿ ಕಲಹ ಹುಟ್ಟಿತು. ಕೌಂಡಿನ್ಯ ಕಾಡು ಹೊಕ್ಕು ಸಿಕ್ಕಿದ್ದನ್ನೆಲ್ಲ ಕೇಳುತ್ತಾ ಹೋದ: ಅನಂತನನ್ನು ಕಂಡಿರಾ? ಹಣ್ಣು ತುಂಬಿಯೂ ಹಕ್ಕಿ ಕೂರದ ಮಾವಿನಮರವನ್ನು ಕೇಳಿದ. ಕರುವಿರುವ ಹಸುವನ್ನು, ಹೋರಿಯನ್ನು, ಒಂದರ ನೀರು ಇನ್ನೊಂದಕ್ಕೆ ಹರಿಯುವ ಎರಡು ಕೊಳಗಳನ್ನು, ಕತ್ತೆಯನ್ನು, ಆನೆಯನ್ನು ಕೇಳಿದ. ಯಾರೂ ಕಂಡಿರಲಿಲ್ಲ. ಕಡೆಗೆ ಮುದುಕ ಬ್ರಾಹ್ಮಣನ ರೂಪದಲ್ಲಿ ಬಂದ ಅನಂತನೇ ಒಂದೊಂದರ ಗುಟ್ಟು ಹೇಳಿದ. ನಮ್ಮ ಮನೆಯಲ್ಲಿ ಹೇಳುವ ಪ್ರಕಾರ ಆ ಮಾವಿನಮರ ಕಲಿತ ವಿದ್ಯೆಯನ್ನು ಯಾರಿಗೂ ಕಲಿಸದವನು. ಕೊಳಗಳು ತಮ್ಮ ತಮ್ಮೊಳಗೇ ದಾನ ಕೊಟ್ಟುಕೊಂಡ ಅಕ್ಕತಂಗಿಯರು. ಕತ್ತೆ ಕ್ರೋಧ, ಆನೆ ಮದ.

‘ನಮ್ಮನ್ನು ನದಿ ದಾಟಿಸಿದ್ದೂ ಆ ಕತ್ತೆಯೇ, ಕಾಕಾನ ಮನೆಗೆ ಬಂದದ್ದೂ ಆ ಕತ್ತೆಯೇ’ ಎಂದಳು ಅಜ್ಜಿ. ಹೇಳಿ ಎದ್ದು, ಕರಡಿಗೆಯಿಂದ ಆ ಹಳೆಯ ದಾರವನ್ನು ತೆಗೆದು ಹಾಲಿನ ಬಟ್ಟಲಿಗೆ ಹಾಕಿದಳು. 1949ರಲ್ಲಿ ಬೇರೆ ಪೇಟೆಯಿಂದ ಹೊಸ ದಾರ ಬಂದಿತ್ತು, ಕಟ್ಟಿಕೊಂಡಳು. ಆದರೆ ಕಾಕಾ ಹೆಣೆದದ್ದನ್ನು ಮಾತ್ರ ನದಿಗೆ ಬಿಡಲಿಲ್ಲ. ಪ್ರತಿ ಅನಂತನ ಚತುರ್ದಶಿಗೆ ಹಾಲಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಕರಡಿಗೆಯಲ್ಲಿಟ್ಟಳು. ಹದಿನಾಲ್ಕು ವರ್ಷ ಮುಗಿದು ಉದ್ಯಾಪನೆಯಾದ ಮೇಲೂ ಅದು ನಿಲ್ಲಲಿಲ್ಲ.

ಅಜ್ಜಿಯ ಮೌನದೊಳಗಿನದು ನನಗೆ ತಿಳಿದದ್ದು ತುಂಬ ತಡವಾಗಿ. ಭಾರತ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ 1948ರ ಕೊನೆಯಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ತಿರುಗಾಡಿ ಬರೆದ ವರದಿ ದಶಕಗಳ ನಂತರ ಓದಲು ಸಿಕ್ಕಿತು. ಪೊಲೀಸ್ ಕಾರ್ಯಾಚರಣೆ ಎಂದು ಕರೆದ ಭಾರತ ಸೇನೆಯ ಆ ದಾಳಿಯ ವೇಳೆ ಮತ್ತು ಆಮೇಲೆ ಸತ್ತವರು 27,000ದಿಂದ 40,000 ಎಂಬ ಅಂದಾಜು ಅದರಲ್ಲಿದೆ. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗವೂ ಬೀದರವೂ ಇವೆ. ಕೆಲವು ಕಡೆ ಹಿಂದೂ ನೇಕಾರರು ತಮ್ಮ ಪ್ರಾಣ ಕೊಟ್ಟು ಮುಸ್ಲಿಂ ನೇಕಾರರನ್ನು ಕಾಪಾಡಿದರು ಎಂಬುದೂ ಅಲ್ಲಿಯೇ ಇದೆ. ಅದನ್ನು ಓದಿ ನಾನು ದೇವರ ಮುಂದೆ ಬಹಳ ಹೊತ್ತು ಕುಳಿತೆ. ನೂಲು ಹಿಡಿದ ಕೈಗಳಿಗೆ ಅನಂತ ಆ ಬುದ್ಧಿಯನ್ನಾದರೂ ಕೊಟ್ಟನಲ್ಲ ಎಂದು ಅತ್ತೆ. ನಮ್ಮ ಊರಿನಲ್ಲಿ ಯಾರಿಗೆ ಕೊಟ್ಟನೋ.

‘ಅನಂತ ಸಂಸಾರ ಮಹಾಸಮುದ್ರೇ ಮಗ್ನಂ’ ಎಂದು ದಾರ ಕಟ್ಟಿಕೊಳ್ಳುವಾಗ ಹೇಳುತ್ತೇವೆ. ಮುಳುಗಿದ್ದೇನೆ, ಎತ್ತು ಎಂಬ ಬೇಡಿಕೆ. ಈಗ ಅದನ್ನು ಹೇಳುವಾಗ ನನ್ನ ಕಣ್ಣ ಮುಂದೆ ಅಜ್ಜಿ ಒಬ್ಬಳೇ ಇರುವುದಿಲ್ಲ. ಎರಡೂ ದಂಡೆಯವರು ಇರುತ್ತಾರೆ. ಗೊರ್ಟಾದವರೂ, ಸುಟ್ಟ ತೊಲೆಗಳ ಮನೆಯವರೂ. ಒಬ್ಬರನ್ನು ನೆನೆಯಲು ಇನ್ನೊಬ್ಬರನ್ನು ಮರೆಯಬೇಕು ಎಂದು ಕೇಳುವ ಭಕ್ತಿ ನನಗೆ ಬೇಡ.

2024ರ ಆ ಬೆಳಿಗ್ಗೆ ತಮ್ಮನ ಮಗ ಕೈಯಲ್ಲಿ ಮೊಬೈಲ್ ಹಿಡಿದು ಬಂದ. ರಜಾಕಾರರ ಹಾವಳಿಯ ಬಗ್ಗೆ ಯಾರೋ ಕಳಿಸಿದ ಸಂದೇಶ, ಕೆಳಗೆ ಸಿಟ್ಟಿನ ಮಾತುಗಳ ಸಾಲು. ‘ಅತ್ತೆ, ಇದೆಲ್ಲ ನಿಜವೇ?’ ಎಂದ. ‘ನಿಜ. ಇನ್ನೂ ಇದೆ, ಕುಳಿತುಕೋ’ ಎಂದು ಕರಡಿಗೆ ತೆರೆದೆ. ಬಣ್ಣ ಹೋಗಿ ಕಂದಾದ ದಾರವನ್ನು ಹಾಲಿಗೆ ಬಿಟ್ಟೆ. ಕಥೆ ಮುಗಿಯುವವರೆಗೆ ಅವನು ಬಟ್ಟಲಿನಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ದಾರವನ್ನು ಎತ್ತಿ, ಬೆರಳ ತುದಿಯಲ್ಲಿ ಗಂಟುಗಳನ್ನು ಒಂದೊಂದಾಗಿ ಮುಟ್ಟುತ್ತಾ ಎಣಿಸಿದ. ಹದಿಮೂರಕ್ಕೆ ನಿಂತ.

‘ಒಂದು ಕಡಿಮೆ ಇದೆ, ಅತ್ತೆ.’

‘ತಪ್ಪುವುದಿಲ್ಲ, ಮತ್ತೆ ನೋಡು’ ಎಂದೆ. ಅವನು ದಾರವನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲಿನಿಂದ ಎಣಿಸತೊಡಗಿದ.