ಈ ಲೆಕ್ಕ ನಮ್ಮನೆ ಸಾಲಕ್ಕೂ ಹಾಕಬಹುದಾ?

"ಅಕ್ಕಾ, ಈ ಲೆಕ್ಕ ನಮ್ಮನೆ ಸಾಲಕ್ಕೂ ಹಾಕಬಹುದಾ?"

ಸೋಮವಾರ ಸಂಜೆ ಹಿಂದಿನ ಬೀದಿಯ ಹುಡುಗಿ ಹೀಗೆ ಕೇಳಿದಳು. ಅಲ್ಲಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಆಫೀಸಿನಲ್ಲಿ ಜಿಎಸ್‌ಟಿ ಫೈಲು ತೆರೆದು ಕೂತರೂ ಅದೇ ಮಾತು, ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ ಮಾತು.

ತಿಪಟೂರಿನ ಒಂದು ಆಡಿಟರ್ ಆಫೀಸಿನಲ್ಲಿ ನನ್ನ ಕೆಲಸ. ಸಂಜೆ ಬಂದು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಬೀದಿಯ ಕಾಲೇಜು ಮಕ್ಕಳು ನೋಟ್ ಬುಕ್ ಹಿಡಿದು ಜಗಲಿಗೆ ಬಂದಿರುತ್ತಾರೆ. ಹೆಚ್ಚಿನವರು ಬಿಕಾಂ. ಅಕೌಂಟ್ಸ್, ಸ್ಟಾಟಿಸ್ಟಿಕ್ಸ್, ಫೈನಾನ್ಸ್ ಲೆಕ್ಕ ತರುತ್ತಾರೆ. ಬಿಎಸ್ಸಿ ಹುಡುಗ ಒಬ್ಬ ಕೆಮಿಸ್ಟ್ರಿ ತರುತ್ತಾನೆ. ಪಿಯುಸಿಯಲ್ಲಿ ನಾನು ಸೈನ್ಸ್ ಓದಿದ್ದೆ, ಹಾಗಾಗಿ ಮೊಲಾರಿಟಿ, ನಾರ್ಮಾಲಿಟಿ ಲೆಕ್ಕಗಳು ಇನ್ನೂ ಕೈಗೆ ಬರುತ್ತವೆ.

ಈ ಮಕ್ಕಳು ಒಳ್ಳೆಯವರು, ಕಷ್ಟಪಡುತ್ತಾರೆ. ಆದರೆ ಎಲ್ಲರಿಗೂ ಬೇಕಿರುವುದು ಪುಸ್ತಕದ ಹಿಂದಿನ ಉತ್ತರ. ಅದು ಬಂದರೆ ಕೆಳಗೆ ಎರಡು ಗೆರೆ ಎಳೆದು ಎದ್ದುಬಿಡುತ್ತಾರೆ. ಹೋದ ವಾರ ಒಬ್ಬನ ಟ್ರಯಲ್ ಬ್ಯಾಲೆನ್ಸ್ (ಡೆಬಿಟ್, ಕ್ರೆಡಿಟ್ ಎರಡೂ ಕಡೆಯ ಮೊತ್ತ ಸಮ ಬರಬೇಕಾದ ಪಟ್ಟಿ) ತಾಳೆ ಆಗುತ್ತಿರಲಿಲ್ಲ, 900 ರೂಪಾಯಿ ವ್ಯತ್ಯಾಸ. ಒಂಬತ್ತರಿಂದ ಭಾಗ ಹೋಗುತ್ತೆ ಅಂದರೆ ಎಲ್ಲೋ ಅಂಕಿ ಅದಲು ಬದಲಾಗಿರಬಹುದು, ಹುಡುಕು ಅಂದೆ. ಹುಡುಕಿದ, ಸಿಕ್ಕಿತು: 5,400 ಬರೆಯುವ ಕಡೆ 4,500 ಬರೆದಿದ್ದ. ಕಣ್ಣರಳಿಸಿದ. ಅದು ಯಾಕೆ ಒಂಬತ್ತೇ ಅಂತ ಕೇಳುತ್ತಾನೇನೋ ಅಂತ ಕಾದೆ. ಕೇಳಲಿಲ್ಲ, ಪುಸ್ತಕ ಮುಚ್ಚಿದ.

ಕೆಮಿಸ್ಟ್ರಿ ಹುಡುಗನದ್ದೂ ಅದೇ ಕಥೆ. ಟೈಟ್ರೇಶನ್‌ನಲ್ಲಿ (ಬಣ್ಣ ತಿರುಗುವವರೆಗೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿ ಹನಿಯಾಗಿ ಬಿಡುವ ಪ್ರಯೋಗ) ಬ್ಯೂರೆಟ್, ಅಂದರೆ ನಲ್ಲಿ ಇರುವ ಅಳತೆ ಕೊಳವೆಯ, ರೀಡಿಂಗ್ 24.8, 24.3, 24.3 ಬಂದರೆ ಯಾವುದನ್ನು ಬಿಡಬೇಕು ಅಂತ ಗೊತ್ತು. ಮೊದಲನೆಯದು ಯಾಕೆ ಜಾಸ್ತಿ ಬಂತು ಅಂತ ಗೊತ್ತಿಲ್ಲ. ಮೊದಲ ಸಲ ಬಣ್ಣ ಯಾವಾಗ ತಿರುಗುತ್ತೆ ಅಂತ ತಿಳಿಯದೆ ನಲ್ಲಿ ಜಾಸ್ತಿ ಹೊತ್ತು ಬಿಟ್ಟಿರುತ್ತೇವೆ, ಅಲ್ವಾ? ಅಂಕಿಯ ಹಿಂದೆ ನಿನ್ನ ಕೈ ಇದೆ ಮಗಾ ಅಂತ ಹೇಳಿದರೆ ನಗುತ್ತಾನೆ.

ಅಂಥ ಜಗಲಿಯಲ್ಲಿ ಆ ಹುಡುಗಿ ಈ ಪ್ರಶ್ನೆ ಕೇಳಿದ್ದು.

ಅವಳು ತಂದಿದ್ದ ಲೆಕ್ಕ ತೀರಾ ಸಾಮಾನ್ಯದ್ದು. ಒಬ್ಬ ವ್ಯಕ್ತಿ 1,00,000 ರೂಪಾಯಿ ಸಾಲ ಮಾಡುತ್ತಾನೆ. ಬಡ್ಡಿ ವರ್ಷಕ್ಕೆ ಶೇ. 10. ಐದು ಸಮ ವಾರ್ಷಿಕ ಕಂತು. ಟೇಬಲ್ ಹಾಕಿ. ಕಂತು 26,380 ಬಂತು. ಮೊದಲ ವರ್ಷ ಅದರಲ್ಲಿ ಬಡ್ಡಿ 10,000, ಅಸಲು 16,380. ಎರಡನೇ ವರ್ಷ ಉಳಿದ ಅಸಲಿಗೆ ಮಾತ್ರ ಬಡ್ಡಿ, ಅಂದರೆ 8,362. ಮೂರನೇ ವರ್ಷ ಇನ್ನೂ ಕಮ್ಮಿ. ಆ ಬಡ್ಡಿಯ ಕಾಲಂ ಮೇಲೆ ಪೆನ್ನು ಇಟ್ಟುಕೊಂಡು ಅವಳು ಸುಮ್ಮನೆ ಕೂತಳು.

"ಏನಾಯ್ತು?" ಅಂದೆ.

"ನಮ್ಮಪ್ಪ ಪ್ರತಿ ತಿಂಗಳೂ 5,000 ಅಸಲು, 1,200 ಬಡ್ಡಿ ಅಂತಾರೆ. ಇಲ್ಲಿ ಬಡ್ಡಿ ಇಳೀತಾ ಹೋಗುತ್ತೆ. ನಮ್ದು ಇಳಿಯೋದೇ ಇಲ್ವಲ್ಲ ಅಕ್ಕಾ. ಈ ಲೆಕ್ಕ ನಮ್ಮನೆ ಸಾಲಕ್ಕೂ ಹಾಕಬಹುದಾ?"

ಹಾಕಬಹುದು ಅಂದೆ. ನನ್ನ ಗಂಟಲು ಕಟ್ಟಿತ್ತು. ಇಷ್ಟು ಕಾಲ ಈ ಜಗಲಿಯಲ್ಲಿ ಸಾಲದ ಲೆಕ್ಕ ಎಷ್ಟೋ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಸಾಲ ಇಲ್ಲದ ಮನೆಯಿಂದ ಬಂದ ಮಗು ಒಂದೂ ಇಲ್ಲ. ಆದರೂ ಪುಸ್ತಕದ ಲೆಕ್ಕವನ್ನು ಮನೆಗೆ ಒಯ್ದದ್ದು ಇವಳೇ ಮೊದಲು.

ಅವಳಪ್ಪ ತೋಟಗಳಿಂದ ತೆಂಗಿನಕಾಯಿ, ಕೊಬ್ಬರಿ ಮೂಟೆ ಸಾಗಿಸುವವರು. ತಿಪಟೂರಿನ ಕೊಬ್ಬರಿ ಮಾರುಕಟ್ಟೆ ಎಲ್ಲರಿಗೂ ಗೊತ್ತು. ಅಲ್ಲಿಗೆ ಮೂಟೆ ತಲುಪಿಸುವ ಇಂಥ ಜನರನ್ನು ಯಾರೂ ಕಾಣೆವು. ಕಳೆದ ವರ್ಷ ಒಂದು ಹಳೇ ಲಗೇಜ್ ಆಟೋ ತೆಗೆದುಕೊಂಡರು. ಅದಕ್ಕೆ ಒಂದು ಫೈನಾನ್ಸ್‌ನಲ್ಲಿ 1,20,000 ಸಾಲ, 24 ಕಂತು, ತಿಂಗಳಿಗೆ 6,200. ಬಡ್ಡಿ ಶೇ. 12, ಅಂದರೆ ಒಂದು ರೂಪಾಯಿ ಬಡ್ಡಿ ಅಂತ ಹೇಳಿ ಕೊಟ್ಟಿದ್ದರು. ಮೂರು ರೂಪಾಯಿ, ಐದು ರೂಪಾಯಿ ಬಡ್ಡಿಗೆ ಕೈಸಾಲ ಮಾಡಿ ರೂಢಿಯಿದ್ದ ಮನುಷ್ಯನಿಗೆ ಒಂದು ರೂಪಾಯಿ ಅಂದರೆ ಅಗ್ಗವೇ.

ಹುಡುಗಿ ಪುಸ್ತಕದ ಕೊನೆಯಲ್ಲಿರುವ ಆನ್ಯುಯಿಟಿ ಟೇಬಲ್ ತೆಗೆದಳು. ಸಾಲ ಒಂದು ಕಂತಿನ ಎಷ್ಟು ಪಟ್ಟು ಇದೆ ಅಂತ ಗೊತ್ತಾದರೆ ಬಡ್ಡಿ ದರ ಎಷ್ಟು ಅಂತ ಅದರಲ್ಲಿ ಹುಡುಕಬಹುದು. 1,20,000 ಅನ್ನು 6,200ರಿಂದ ಭಾಗಿಸಿದರೆ 19.355. 24 ಕಂತು ಅಂತ 24ನೇ ಸಾಲಿನಲ್ಲಿ ಬೆರಳಿಟ್ಟು ಹುಡುಕಿದಳು. ಶೇ. 1ರ ಕೆಳಗೆ 21.243, ಶೇ. 2ರ ಕೆಳಗೆ 18.914. ನಮ್ಮ ಸಂಖ್ಯೆ ಶೇ. 2ಕ್ಕೇ ಹತ್ತಿರ. ಫೋನಿನಲ್ಲಿ ಇನ್ನಷ್ಟು ಸರಿ ಮಾಡಿ ನೋಡಿದೆವು. ತಿಂಗಳಿಗೆ ಸುಮಾರು 1.8. ವರ್ಷಕ್ಕೆ 21.6.

"ಹನ್ನೆರಡು ಅಂದಿದ್ರಲ್ಲ?" ಅಂದಳು.

ಮಾರನೇ ದಿನ ಅಪ್ಪನನ್ನೇ ಕರೆದುಕೊಂಡು ಬಂದಳು. ಕೈಯಲ್ಲಿ ಸಾಲದ ಫೈಲು. ಅವರು ಚಪ್ಪಲಿ ಬಿಟ್ಟು ಜಗಲಿಯ ತುದಿಯಲ್ಲಿ ಕೂತರು. ಫ್ಲಾಟ್ ರೇಟ್, ರೆಡ್ಯೂಸಿಂಗ್ ರೇಟ್ ಅಂತ ನಾನು ಶುರು ಮಾಡುವಷ್ಟರಲ್ಲಿ ಮಗಳು ತಾನೇ ಹೇಳತೊಡಗಿದಳು.

"ಅಪ್ಪ, ಕೈಸಾಲದಲ್ಲಿ ಅಸಲು ಪೂರ್ತಿ ನಿನ್ನ ಹತ್ರಾನೇ ಇರುತ್ತೆ. ಒಂದು ರೂಪಾಯಿ ಬಡ್ಡಿ ಅಂದ್ರೆ ಅಲ್ಲಿ ಒಂದೇ ರೂಪಾಯಿ. ಇಲ್ಲಿ ತಿಂಗಳು ತಿಂಗಳೂ 5,000 ಅಸಲು ವಾಪಸ್ ಕೊಡ್ತೀಯ. ಬಡ್ಡಿ ಮಾತ್ರ 1,20,000ಕ್ಕೇ ಕಟ್ತೀಯ. ಕೊನೇ ತಿಂಗಳು ನೋಡು. ನೀನು ಉಳಿಸ್ಕೊಂಡಿರೋದು ಬರೀ 5,000. ಅದಕ್ಕೆ ಒಂದು ತಿಂಗಳ ಬಡ್ಡಿ 1,200!"

ನಾನು ಆಡಿಟರ್ ಆಫೀಸಿನಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿದ್ದನ್ನು ಕೇಳಿಲ್ಲ. ಅಪ್ಪ ಒಂದು ಕ್ಷಣದಲ್ಲಿ ಹಿಡಿದುಕೊಂಡರು. ಓದು ಏಳನೇ ಕ್ಲಾಸಿಗೆ ನಿಂತಿದ್ದರೂ ದಿನವಿಡೀ ಮೂಟೆ, ಬಾಡಿಗೆ, ಡೀಸೆಲ್ ಲೆಕ್ಕ ತಲೆಯಲ್ಲೇ ಹಾಕುವವರು. ಇಂಥವರಿಗೆ ಲೆಕ್ಕ ಬರಲ್ಲ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಲೆಕ್ಕ ಬರುತ್ತದೆ. ಅಂಕಿಗಳನ್ನು ಅವರ ಮುಂದೆ ನೇರವಾಗಿ ಇಡುವವರಿಲ್ಲ.

ಆಮೇಲೆ ಫೈಲು ಬಿಚ್ಚಿದೆವು. ಅದರೊಳಗೆ ಒಂದು ಹಾಳೆ ಇತ್ತು. ಸಾಲದ ಮುಖ್ಯ ವಿವರಗಳ ಪಟ್ಟಿ. ಪೂರ್ತಿ ಇಂಗ್ಲಿಷಿನಲ್ಲಿ. ಅದರಲ್ಲಿ ಎಪಿಆರ್, ಅಂದರೆ ಎಲ್ಲ ಖರ್ಚೂ ಸೇರಿ ವರ್ಷಕ್ಕೆ ಬೀಳುವ ದರ, ಶೇ. 23.7 ಅಂತ ಅಚ್ಚಾಗಿತ್ತು. ಕೆಳಗೆ ಅವರ ಕನ್ನಡ ಸಹಿ.

ಹುಡುಗಿಯ ಮುಖ ಬಾಡಿತು. "ನನ್ನ ಉತ್ತರ 21.6. ಇಲ್ಲಿ 23.7 ಇದೆ. ತಾಳೆ ಆಗ್ತಿಲ್ಲ."

ತಾಳೆ ಆಗದಿದ್ದರೆ ಏನೋ ಬಿಟ್ಟುಹೋಗಿದೆ ಅಂತಲೇ ಅರ್ಥ. "ಅಣ್ಣ, ಕೈಗೆ ಎಷ್ಟು ಬಂತು?" ಅಂತ ಕೇಳಿದೆ. "ಫೈಲ್ ಚಾರ್ಜ್ ಅಂತ 2,400 ಮುರ್ಕೊಂಡು 1,17,600 ಕೊಟ್ರು" ಅಂದರು. ಅವಳು ಮತ್ತೆ ಭಾಗಿಸಿದಳು. 18.968. ಮತ್ತೆ ಟೇಬಲ್, ಮತ್ತೆ ಫೋನು. ಈ ಸಲ ಸರಿಯಾಗಿ 23.7.

ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದಾಗಲೂ ಅವಳ ಮುಖದಲ್ಲಿ ಅಂಥ ಬೆಳಕು ನೋಡಿಲ್ಲ. ಆದರೆ ಅದು ಒಂದು ಗಳಿಗೆ ಮಾತ್ರ. ಉತ್ತರ ಸರಿ ಅಂತ ಖುಷಿಪಟ್ಟವಳು, ಆ ಉತ್ತರ ಏನು ಹೇಳುತ್ತಿದೆ ಅಂತ ನೆನಪಾಗಿ ಅಪ್ಪನ ಕಡೆ ನೋಡಿದಳು.

ಶೇ. 12 ಅನ್ನುವುದು ಇಳಿಯುವ ಅಸಲಿನ ಮೇಲೆ ಆಗಿದ್ದರೆ ಕಂತು 5,649 ಆಗಬೇಕಿತ್ತು. ಎರಡು ವರ್ಷಕ್ಕೆ ಒಟ್ಟು ಬಡ್ಡಿ ಹದಿನೈದೂವರೆ ಸಾವಿರದ ಆಸುಪಾಸು. ಅವರು ಕಟ್ಟುವುದು 28,800. ವ್ಯತ್ಯಾಸ ಎರಡು ತಿಂಗಳ ಕಂತಿಗಿಂತ ಜಾಸ್ತಿ.

ಅಪ್ಪ ಕೂಗಾಡಲಿಲ್ಲ. "ಗೊತ್ತಿದ್ರೂ ತಗೋತಿದ್ದೆ ಮೇಡಂ, ಗಾಡಿ ಬೇಕಿತ್ತು. ಆದ್ರೆ ಗೊತ್ತಿದ್ದು ತಗೋತಿದ್ದೆ" ಅಂದರು.

ಕನ್ನಡ ಪೇಪರ್ ದಿನಾ ಓದುವ ಮನುಷ್ಯ ಅವರು. ಆ ಒಂದು ಹಾಳೆ ಕನ್ನಡದಲ್ಲಿದ್ದರೆ 23.7 ಅಂದರೇನು ಅಂತ ಅಲ್ಲೇ ಕೇಳುತ್ತಿದ್ದರು. ರಿಸರ್ವ್ ಬ್ಯಾಂಕ್ ಇದಕ್ಕೆ ನಿಯಮವನ್ನೇ ಮಾಡಿದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಸಾಲಗಳಿಗೆಲ್ಲ ಈ ವಿವರದ ಹಾಳೆ ಕೊಡಲೇಬೇಕು. ಎಪಿಆರ್ ಅದರಲ್ಲಿ ಇರಲೇಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ಓದಿ ವಿವರಿಸಿದ ಮೇಲೆ ಸಹಿ ತೆಗೆದುಕೊಳ್ಳಬೇಕು. ಹಾಳೆ ಕೊಟ್ಟ ಮೇಲೆ ಯೋಚನೆ ಮಾಡಲು ಕನಿಷ್ಠ ಮೂರು ಕೆಲಸದ ದಿನ ಬಿಡಬೇಕು. ಇವರಿಗೆ ಇಪ್ಪತ್ತು ಕಡೆ ಬೆರಳು ತೋರಿಸಿ ಸಹಿ ಹಾಕಿಸಿಕೊಂಡು ಅರ್ಧ ಗಂಟೆಯಲ್ಲಿ ಕಳಿಸಿದ್ದಾರೆ.

ಸಹಿ ಹಾಕಿಸಿದ ಹುಡುಗ ನಮ್ಮೂರಿನವನೇ. ನಯವಾಗಿ ಮಾತಾಡುತ್ತಾನೆ, ತಿಂಗಳ ಟಾರ್ಗೆಟ್ ತಲೆ ಮೇಲೆ ಇರುತ್ತದೆ. ಅವನ ಮೇಲೆ ನನಗೆ ದ್ವೇಷವಿಲ್ಲ, ಆದರೆ ಬೇಸರ ತುಂಬಾ ಇದೆ. ಅವನೂ ಬಿಕಾಂ. ಇದೇ ಟೇಬಲ್ ತಿರುವಿ, ಇದೇ ಲೆಕ್ಕ ಬಿಡಿಸಿ, ಎರಡು ಗೆರೆ ಎಳೆದು ಪಾಸಾದವನು. ಅವನಿಗೂ ಯಾರೂ ಹೇಳಿರಲಿಕ್ಕಿಲ್ಲ, ಲೆಕ್ಕದಲ್ಲಿ ಬರುವ ಆ "ಒಬ್ಬ ವ್ಯಕ್ತಿ" ನಿಮ್ಮ ಬೀದಿಯಲ್ಲೇ ಇದ್ದಾನೆ ಅಂತ.

ಈ ವಾರ ಪೂರ್ತಿ ಅದನ್ನೇ ಯೋಚಿಸುತ್ತಿದ್ದೇನೆ. ಈ ವಿದ್ಯೆಗಳೆಲ್ಲ ಶುರುವಾಗಿದ್ದು ಯಾರದೋ ಕೆಲಸದ ಜಾಗದಲ್ಲಿ. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಡಬಲ್ ಎಂಟ್ರಿ ಪದ್ಧತಿಯನ್ನು ಇಟಲಿಯ ಗಣಿತಜ್ಞ ಲೂಕಾ ಪಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ. ವೆನಿಸ್‌ನ ವ್ಯಾಪಾರಿಗಳು ಆಗಲೇ ಬಳಸುತ್ತಿದ್ದ ಪದ್ಧತಿ ಅದು. ಪಂಡಿತರ ಲ್ಯಾಟಿನ್ ಬಿಟ್ಟು ಜನರ ಆಡುಭಾಷೆಯಲ್ಲಿ ಬರೆದ. ಐನೂರು ವರ್ಷ ಹಿಂದೆಯೇ ಅವನಿಗೆ ತೋಚಿದ್ದು ನಮ್ಮೂರಿನ ಫೈನಾನ್ಸ್‌ಗೆ ಇವತ್ತಿಗೂ ತೋಚಿಲ್ಲ. ಸ್ಟಾಟಿಸ್ಟಿಕ್ಸ್‌ನ ಟಿ-ಟೆಸ್ಟ್ ಕೊಟ್ಟ ಗಾಸೆಟ್ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ಕೈಯಲ್ಲಿ ನಾಲ್ಕೇ ಸ್ಯಾಂಪಲ್ ಇದ್ದಾಗ ಅದನ್ನು ಎಷ್ಟು ನಂಬಬಹುದು ಅನ್ನುವುದು ಅವನ ದಿನದ ಕಷ್ಟ. 1908ರಲ್ಲಿ "ಸ್ಟೂಡೆಂಟ್" ಅನ್ನುವ ಹೆಸರಿನಲ್ಲಿ ಪ್ರಕಟಿಸಿದ. ಮರುವರ್ಷ ಪಿಎಚ್ (ದ್ರಾವಣ ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ) ಅಳತೆಯನ್ನು ಕೊಟ್ಟ ಸೊರೆನ್ಸನ್ ಕೂಡ ಕೋಪನ್‌ಹೇಗನ್‌ನಲ್ಲಿ ಕಾರ್ಲ್ಸ್‌ಬರ್ಗ್ ಬಿಯರ್‌ನವರ ಪ್ರಯೋಗಾಲಯದಲ್ಲಿದ್ದವನು.

ಇದ್ಯಾವುದನ್ನೂ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಹೇಳದಿದ್ದರೂ ಪರವಾಗಿಲ್ಲ, ಅವರ ಊರಿನ ಲೆಕ್ಕ ಕೊಟ್ಟರೆ ಸಾಕು. ಸ್ಟ್ಯಾಂಡರ್ಡ್ ಡೀವಿಯೇಶನ್‌ಗೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಲೆಕ್ಕ) ಎಪಿಎಂಸಿಯ ಕೊಬ್ಬರಿ ರೇಟು ತೆಗೆದುಕೊಳ್ಳಿ. ವಾರ ವಾರ ಬದಲಾಗುವ ಆ ರೇಟು ಈ ಮಕ್ಕಳ ಮನೆಯ ಊಟದ ವಿಷಯ. ಟೈಟ್ರೇಶನ್‌ಗೆ ಬೀದಿಯ ಬೋರ್‌ವೆಲ್ ನೀರಿನ ಗಡಸುತನ ಅಳೆಯಲು ಹೇಳಿ. ಪುಸ್ತಕಗಳಲ್ಲಿ ಮಾತ್ರ ಯಾವಾಗಲೂ ಎಕ್ಸ್ ಲಿಮಿಟೆಡ್, ವೈ ಲಿಮಿಟೆಡ್. ಲೆಕ್ಚರರ್‌ಗಳನ್ನು ನಾನು ದೂರುವುದಿಲ್ಲ. ಹುಡುಗಿಗೆ ಫೈನಾನ್ಸ್ ಹೇಳುವವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದವರು. ಸಿಲಬಸ್ ಮುಗಿಸುವುದೇ ಅವರಿಗೆ ದೊಡ್ಡ ಹೊರೆ. ಆದರೂ ಈ ಲೆಕ್ಕ ಹೇಳಿಕೊಟ್ಟವರು ಅವರೇ, ಟೇಬಲ್ ನೋಡುವುದನ್ನು ಕಲಿಸಿದವರೂ ಅವರೇ. ಅದನ್ನು ಅವರಿಗೆ ಹೋಗಿ ಹೇಳು ಅಂತ ಹುಡುಗಿಗೆ ಹೇಳಿದ್ದೇನೆ.

ಫೋನಿಗೆ ಲೆಕ್ಕದ ಫೋಟೋ ಹಿಡಿದರೆ ಈಗ ಉತ್ತರ ಬರುತ್ತದೆ. ಮಕ್ಕಳು ಹಾಗೆ ಮಾಡುತ್ತಾರೆ, ನನಗೆ ಗೊತ್ತು. ಬಯ್ಯುವುದಿಲ್ಲ. ಎಕ್ಸ್ ಲಿಮಿಟೆಡ್‌ನ ಲಾಭ ಎಷ್ಟಾದರೆ ಅವರಿಗೇನು? ಆದರೆ ಸೋಮವಾರ ಅವಳು ಆ ಲೆಕ್ಕವನ್ನು ಕೈಯಾರೆ ಮಾಡಿದ್ದಕ್ಕೆ, ಒಂದೊಂದು ವರ್ಷದ ಬಡ್ಡಿಯನ್ನೂ ತಾನೇ ಬರೆದಿದ್ದಕ್ಕೆ, ಅದು ಇಳಿಯುತ್ತಿರುವುದು ಕಣ್ಣಿಗೆ ಬಿತ್ತು. ಉತ್ತರ ಮಾತ್ರ ನೋಡಿದ್ದರೆ 26,380 ಅಂತ ಬರೆದು ಎದ್ದು ಹೋಗುತ್ತಿದ್ದಳು.

ಬುಧವಾರ ಅಪ್ಪ ಮಗಳು ಸೇರಿ ಫೈನಾನ್ಸ್‌ಗೆ ಒಂದು ಅರ್ಜಿ ಬರೆದರು. ವಿವರದ ಹಾಳೆ ಕನ್ನಡದಲ್ಲಿ ಬೇಕು. ಇವತ್ತಿಗೆ ಅಸಲು ಎಷ್ಟು ಉಳಿದಿದೆ, ಮೊದಲೇ ತೀರಿಸಿದರೆ ಎಷ್ಟು ಕಟ್ಟಬೇಕು, ಬರೆದು ಕೊಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿಕೊಳ್ಳಿ ಅಂತ ನಾನು ಹೇಳಿದ್ದೆ. ಗುರುವಾರ ಹೋಗಿ ಕೊಟ್ಟು ಬಂದರು. "ಕೇಳಿ ಹೇಳ್ತೀವಿ" ಅಂದರಂತೆ. ಸೀಲು ಹಾಕಿದ್ದಾರೆ, ಅದು ಮುಖ್ಯ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು. ತಾರೀಖನ್ನು ಅವಳು ನೋಟ್ ಬುಕ್ಕಿನ ಮೇಲೆಯೇ ಬರೆದುಕೊಂಡಿದ್ದಾಳೆ.

ವಿಷಯ ಬೀದಿಗೆ ಗೊತ್ತಾಗಿದೆ. ಎದುರು ಮನೆಯವರು ನಿನ್ನೆ ಚಿನ್ನದ ಸಾಲದ ಚೀಟಿ ತಂದರು. ಅದರಲ್ಲಿ ಅಸಲು ಕೊನೆಗೆ ಒಟ್ಟಿಗೇ ಕಟ್ಟುವುದು, ಹಾಗಾಗಿ ಈ ಟೇಬಲ್ ಅದಕ್ಕೆ ಹೊಂದುವುದಿಲ್ಲ. ಆ ಚೀಟಿಯನ್ನು ಹುಡುಗಿಗೇ ಕೊಟ್ಟಿದ್ದೇನೆ. ಭಾನುವಾರ ಅವಳೇ ಅವರ ಮನೆಗೆ ಹೋಗಿ ಲೆಕ್ಕ ಹೇಳಿ ಬರುತ್ತಾಳೆ.