ಎಲ್ಲರೂ ಹಾಕಲಿಲ್ಲ

ಭಾನುವಾರ ಕೆಳಮನೆಯ ಅಜ್ಜ ಅಜ್ಜಿ ಕಾಫಿಗೆ ಕರೆದಿದ್ದರು. ಪ್ರಾಗ್‌ಗೆ ಬಂದಾಗಿನಿಂದ ನಮಗೆ ಮನೆಯವರಂತೆ ಇರುವವರು ಇವರೇ. ಅಜ್ಜಿ ಬಾಬೋವ್ಕಾ ಕೇಕ್ ಕೊಯ್ಯುತ್ತಿದ್ದಾಗ ರೇಡಿಯೋದಲ್ಲಿ ಮಾಯಾ ಎಂಬ ಜೇನುಹುಳದ ಕಾರ್ಟೂನ್ ಹಾಡು ಬಂತು. ಇಲ್ಲಿನ ಬಲು ಜನಪ್ರಿಯ ಗಾಯಕ ಕಾರೆಲ್ ಗೊಟ್ ದನಿ. ಅಜ್ಜಿ ಚಾಕು ಹಿಡಿದೇ ಗುನುಗತೊಡಗಿದರು. ಅಜ್ಜ ಎದ್ದು ಹೋಗಿ ರೇಡಿಯೋ ಆಫ್ ಮಾಡಿದರು.

"ಪಾಪ, ಆಗ ಎಲ್ಲರೂ ಸಹಿ ಹಾಕಿದ್ದರು" ಅಂದರು ಅಜ್ಜಿ.

"ಎಲ್ಲರೂ ಹಾಕಲಿಲ್ಲ."

ಅಷ್ಟೇ. ಆಮೇಲೆ ಮಾತು ಹವಾಮಾನಕ್ಕೆ ಹೋಯಿತು. ನನ್ನ ತಲೆಯಿಂದ ಮಾತ್ರ ಆ ಎರಡು ಮಾತು ಇನ್ನೂ ಹೋಗಿಲ್ಲ.

1977ರಲ್ಲಿ ನಾಟಕಕಾರ ಹಾವೆಲ್ ಮತ್ತು ಜೊತೆಗಾರರು ಚಾರ್ಟರ್ 77 ಎಂಬ ಹೇಳಿಕೆ ಹೊರಡಿಸಿದರು. ನೀವೇ ಒಪ್ಪಿಕೊಂಡ ಮಾನವ ಹಕ್ಕುಗಳನ್ನು ಪಾಲಿಸಿ ಅಂತ ಆಗಿನ ಕಮ್ಯುನಿಸ್ಟ್ ಸರ್ಕಾರವನ್ನು ಕೇಳಿದ್ದರು, ಅಷ್ಟೇ. ಸರ್ಕಾರ ಕಲಾವಿದರನ್ನು ಕರೆಸಿ ಅದರ ವಿರುದ್ಧ ಸಹಿ ಹಾಕಿಸಿತು. ಹಾಕಿದವರಲ್ಲಿ ಹೆಚ್ಚಿನವರು ಚಾರ್ಟರ್ ಓದಿಯೂ ಇರಲಿಲ್ಲ. ಗೊಟ್ ಸಹಿ ಹಾಕಿದ್ದಷ್ಟೇ ಅಲ್ಲ, ಸಂಗೀತದವರ ಸಭೆಯಲ್ಲಿ ಮೈಕ್ ಮುಂದೆ ನಿಂತು ಮಾತನ್ನೂ ಆಡಿದರು.

ಅವರ ಕಂಠದ ಬಗ್ಗೆ ನನಗೆ ತಕರಾರಿಲ್ಲ. ಎಲೆಕ್ಟ್ರಿಷಿಯನ್ ಕೆಲಸ ಕಲಿತ ಪಿಲ್ಸೆನ್ ಹುಡುಗ, 1967ರಲ್ಲಿ ಲಾಸ್ ವೇಗಸ್‌ನಲ್ಲಿ ಹಾಡಿದ್ದು, ಜರ್ಮನಿಯಲ್ಲೂ ಮನೆಮಾತಾಗಿದ್ದು, ಕೆಲವು ಸಿನಿಮಾಗಳಲ್ಲಿ ನಟಿಸಿದ್ದು, ಜನರ ವೋಟಿನಿಂದ ಸಿಗುವ ನೈಟಿಂಗೇಲ್ ಪ್ರಶಸ್ತಿಯನ್ನು 42 ಸಲ ಗೆದ್ದಿದ್ದು, ಇದೆಲ್ಲ ಸುಮ್ನೆ ಬರುವುದಿಲ್ಲ. 2019ರಲ್ಲಿ ಅವರು ತೀರಿಕೊಂಡಾಗ ಝೋಫೀನ್ ಅರಮನೆ ಮುಂದೆ ಗಂಟೆಗಟ್ಟಲೆ ಸಾಲು ನಿಂತವರಲ್ಲಿ ಅಜ್ಜಿಯೂ ಇದ್ದರು. ಆ ಕತ್ತಲ ಕಾಲದಲ್ಲಿ ಗೊಟ್ ಹಾಡಿನಿಂದ ಅಜ್ಜಿಗೆ ಸಿಕ್ಕ ಖುಷಿ ನಿಜವಾದದ್ದು, ಅದನ್ನು ಕಿತ್ತುಕೊಳ್ಳಲು ನಾನ್ಯಾರು?

ಆದರೂ ನಾನು ಅಜ್ಜನ ಕಡೆ. ಮಾರ್ತಾ ಕುಬಿಶೋವಾ ಇದ್ದರಲ್ವಾ? ಅದೇ ನೈಟಿಂಗೇಲ್ ಪ್ರಶಸ್ತಿ ಗೆದ್ದ ಗಾಯಕಿ. 1970ರಲ್ಲಿ ನಕಲಿ ಅಶ್ಲೀಲ ಫೋಟೋ ಹಬ್ಬಿಸಿ ಅವರ ಹಾಡು ನಿಲ್ಲಿಸಿದರು. ಇಷ್ಟಾದ ಮೇಲೂ ಅವರು ಚಾರ್ಟರ್‌ಗೇ ಸಹಿ ಹಾಕಿದರು, ಅದರ ವಕ್ತಾರರೂ ಆದರು. ಹೆಚ್ಚು ಕಡಿಮೆ 20 ವರ್ಷ ವೇದಿಕೆ ಸಿಗಲಿಲ್ಲ. ಆ ವರ್ಷಗಳಲ್ಲೇ ಗೊಟ್ ಪ್ರಶಸ್ತಿ ಮೇಲೆ ಪ್ರಶಸ್ತಿ ಗೆಲ್ಲುತ್ತಿದ್ದರು.

ಕಮ್ಯುನಿಸ್ಟ್ ಆಡಳಿತ ಕುಸಿಯುತ್ತಿದ್ದಾಗಿನ, 1989ರ ಡಿಸೆಂಬರ್ 4ರ ವಿಡಿಯೋ ಈ ವಾರ ಮತ್ತೆ ಮತ್ತೆ ನೋಡಿದೆ. ವೆನ್ಸೆಸ್ಲಾಸ್ ಚೌಕದ ಬಾಲ್ಕನಿಯಲ್ಲಿ ಗೊಟ್ ಮತ್ತು ಕಾರೆಲ್ ಕ್ರಿಲ್ ಅಕ್ಕಪಕ್ಕ ನಿಂತು ರಾಷ್ಟ್ರಗೀತೆ ಹಾಡುತ್ತಾರೆ. ಕ್ರಿಲ್ 1969ರಲ್ಲೇ ದೇಶ ಬಿಟ್ಟು ಜರ್ಮನಿ ಸೇರಿದವರು, ಇಲ್ಲಿ ಅವರ ಹಾಡಿಗೆ ನಿಷೇಧವಿತ್ತು. ಅವರ ಪಕ್ಕ ನಿಂತು ಹಾಡಲು ಗೊಟ್‌ಗೆ ಹೇಗೆ ಮನಸ್ಸು ಬಂತೋ! ಕ್ರಿಲ್ ದೊಡ್ಡ ಮನುಷ್ಯ, ಜಾಗ ಬಿಟ್ಟುಕೊಟ್ಟರು.

ಹೆದರಿ ಸಹಿ ಹಾಕಿದವರ ಮೇಲೆ ನನಗೆ ಸಿಟ್ಟಿಲ್ಲ. ಹೆಂಡತಿ ಮಕ್ಕಳಿದ್ದವರು, ಕೆಲಸ ಉಳಿಸಿಕೊಳ್ಳಬೇಕಿದ್ದವರು. ಅಜ್ಜಿಗೆ ಗೊಟ್ ಇಷ್ಟವಾದರೆ ಆಗಲಿ, ರೇಡಿಯೋನೂ ಹಾಡಲಿ. ಆದರೆ "ಎಲ್ಲರೂ" ಅಂದುಬಿಟ್ಟರೆ ಕುಬಿಶೋವಾ ಕಳೆದುಕೊಂಡ ಆ ವರ್ಷಗಳು ಲೆಕ್ಕಕ್ಕೇ ಇಲ್ಲ ಅಂದ ಹಾಗಾಗುತ್ತದೆ. ಅದನ್ನು ಮಾತ್ರ ಅಜ್ಜಿ ಅನ್ನಬಾರದಿತ್ತು.